ಕಾರಿನ ತಾಯತ ಬಿಚ್ಚಿದ ಪ್ರಸಂಗ

ಪರೀಕ್ಷೆ ಮಾಡದೆ ನಾನು ಯಾವುದನ್ನೂ ಒಪ್ಪುವವನಲ್ಲ. ಇದು ಊರಿಗೆಲ್ಲ ಗೊತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನನ್ನು ಪರ ನಿಲ್ಲಿಸಿದರೂ ಸರಿ, ವಿರೋಧ ನಿಲ್ಲಿಸಿದರೂ ಸರಿ, ಬಹುಮಾನದ ಸ್ಟೀಲ್ ಡಬ್ಬಿಯೊಂದಿಗೇ ಮನೆಗೆ ಬರುತ್ತಿದ್ದೆ. ನಮ್ಮ ಮನೆಯ ಸಕ್ಕರೆ, ಚಹಾಪುಡಿ, ಜೀರಿಗೆ ಎಲ್ಲವೂ ಇವತ್ತಿಗೂ ನನ್ನ ವಾದಗಳ ಒಳಗೇ ಭದ್ರವಾಗಿವೆ. ಆಮೇಲೆ ವಕೀಲಿ ಓದಿ, ಬಸವಕಲ್ಯಾಣದ ಕೋರ್ಟಿನಲ್ಲಿ ಕರಿ ಕೋಟು ಹಾಕಿದೆ. ಇಂಥವನಿಗೆ ಒಂದು ಹಳೆಯ ಕಾರು ಕೊಂಡು ಓಡಿಸುವುದು ಏನು ಮಹಾ!

ಕಾರು ಬೇಕಾಗಿದ್ದು ಗಿರಿಜಾಳ ಸಲುವಾಗಿ. ಗಿರಿಜಾ ಹುಮನಾಬಾದಿನವಳು, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಒಮ್ಮೆ ಚರ್ಚಾಸ್ಪರ್ಧೆಯಲ್ಲಿ ನನ್ನ ಎದುರಾಳಿಯಾಗಿದ್ದಳು. ಡಬ್ಬಿ ನನಗೆ ಬಂತು, ಚಪ್ಪಾಳೆ ಅವಳಿಗೆ ಹೋಯಿತು. ಅಂದಿನಿಂದ ನನ್ನ ಮನಸ್ಸು ಹುಮನಾಬಾದಿನಲ್ಲೇ ಉಳಿದಿತ್ತು. ಹಿರಿಯರ ಮೂಲಕ ಮಾತು ಹೋಗಿ, ಎಲ್ಲ ಮುಗಿದು, ಅವಳ ಅಪ್ಪ ಶರಣಪ್ಪ ಸಾವಕಾರರ ‘ಹೂಂ’ ಒಂದು ಬಾಕಿ ಇತ್ತು. ಸಾವಕಾರರದು ತೊಗರಿಬೇಳೆ ಮಿಲ್ಲು. ಬೇಳೆಯ ಒಂದು ಕಾಳು ಹಲ್ಲಲ್ಲಿ ಕಡಿದು ಇಡೀ ಚೀಲದ ಗುಣ ಹೇಳುವ ಮನುಷ್ಯ; ಮಾತು ಬಹಳ ಕಡಿಮೆ. "ಮನಿ ನೋಡಿ ಹೇಳ್ತೇವಿ" ಅಂದಿದ್ದರು, ಅಷ್ಟೆ.

ನಮ್ಮ ಕಡೆ ಪದ್ಧತಿಯೇ ಹಾಗೆ. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುತ್ತಾರೆ. ನಳ ಎಲ್ಲಿದೆ, ಅಡುಗೆಮನೆಗೆ ಗಾಳಿ ಬರುತ್ತದೆಯೇ, ಮಾಳಿಗೆ ಸೋರುತ್ತದೆಯೇ ಎಂದು ಕಣ್ಣಲ್ಲೇ ಜಪ್ತಿ ಮಾಡುತ್ತಾರೆ. ನಮ್ಮ ಮನೆಯ ಮಾಳಿಗೆ ಸೋರುತ್ತಿತ್ತು. ನಾನು ತರ್ಕಿಸಿದೆ: ಹುಮನಾಬಾದಿನಿಂದ ಬರುವಾಗಲೇ ಅವರನ್ನು ಒಂದು ಭಾರಿ ಕಾರಿನಲ್ಲಿ, ಮೆತ್ತನೆಯ ಸೀಟಿನಲ್ಲಿ ಕೂರಿಸಿ ತಂದರೆ, ಇಳಿಯುವ ಹೊತ್ತಿಗೆ ಮನಸ್ಸೂ ಮೆತ್ತಗಾಗಿರುತ್ತದೆ. ಆಮೇಲೆ ಮಾಳಿಗೆ ಯಾರು ನೋಡುತ್ತಾರೆ?

ಆ ವರ್ಷ ನಮ್ಮ ಹೊಲದಲ್ಲಿ ತೊಗರಿ ಚೆನ್ನಾಗಿ ಬಂದಿತ್ತು. ಹೈದರಾಬಾದಿಗೆ ಹೋಗಿ, ಯಾವುದೋ ದೊಡ್ಡ ಮನೆತನದವರು ಓಡಿಸಿ ಬಿಟ್ಟ ವಿದೇಶಿ ಗಾಡಿ ತಂದೆ. ಕಂಪನಿಯ ಹೆಸರು ಹೇಳುವುದಿಲ್ಲ, ತಪ್ಪು ಅವರದಲ್ಲ. ಕರಿ ಬಣ್ಣ, ಉದ್ದನೆಯ ಮೈ. ಒಂದು ಗುಂಡಿ ಒತ್ತಿದರೆ ಕಿಟಕಿ ಇಳಿಯುತ್ತಿತ್ತು, ಇನ್ನೊಂದು ಒತ್ತಿದರೆ ಸೀಟು ಹಿಂದೆ ಮುಂದೆ ಸರಿಯುತ್ತಿತ್ತು, ಮತ್ತೊಂದು ಒತ್ತಿದರೆ ತಲೆಯ ಮೇಲಿನ ಗಾಜು ಸರಿದು ಆಕಾಶ ಕಾಣುತ್ತಿತ್ತು. ಬಾಗಿಲು ಸರಿಯಾಗಿ ಹಾಕದಿದ್ದರೆ ಒಬ್ಬ ಹೆಂಗಸಿನ ದನಿ ಇಂಗ್ಲಿಷಿನಲ್ಲಿ, ‘ಬಾಗಿಲು ತೆರೆದಿದೆ, ದಯವಿಟ್ಟು ಮುಚ್ಚಿ’ ಎಂದು ವಿನಂತಿಸುತ್ತಿತ್ತು. ನಮ್ಮ ಓಣಿಯಲ್ಲಿ ಅಷ್ಟು ಮರ್ಯಾದೆಯಿಂದ ಮಾತಾಡುವವರು ಬೇರೆ ಯಾರೂ ಇರಲಿಲ್ಲ.

ಅವ್ವ ಹೊರಗೆ ಬಂದು ಗಾಡಿಗೆ ಒಂದು ಸುತ್ತು ಹಾಕಿದಳು.

"ಏ ಸಂಗ್ಯಾ, ಗಾಡೀಗಿ ಬೆಳಕಿಂಡಿ ಯಾಕ ಇಟ್ಟಾರ? ಒಳಗ ಒಲಿ ಹಚ್ತಾರೇನು?"

ಗಾಡಿ ಗಟ್ಟಿಮುಟ್ಟಾಗಿತ್ತು. ಹೈದರಾಬಾದಿನಿಂದ ನಮ್ಮ ಬಾಗಿಲಿನ ತನಕ ಒಂದು ಕೆಮ್ಮು ಕೂಡ ಇಲ್ಲದೆ ಬಂದಿತ್ತು. ಆದರೆ ಅದರ ಮೈತುಂಬ ಅಂಧಶ್ರದ್ಧೆ! ಮುಂದಿನ ಬಂಪರಿಗೆ ಕುದುರೆಯ ಲಾಳ, ಕನ್ನಡಿಗೆ ಕರಿದಾರ. ಬಾನೆಟ್ ಎತ್ತಿದರೆ ಅಲ್ಲಿಯೂ ಲಿಂಬಿಕಾಯಿ, ಮೆಣಸಿನಕಾಯಿ, ದೃಷ್ಟಿ ತೆಗೆಯುವ ಬಿಬ್ಬಿಬೀಜ ಪೋಣಿಸಿದ ಸರ. ಆ ಸರವನ್ನು ತಾಮ್ರದ ಎಳೆಗಳಿಂದ ಜಡೆಯಂತೆ ಹೆಣೆದ ಒಂದು ಚಪ್ಪಟೆ ಪಟ್ಟಿಗೆ ಕಟ್ಟಿದ್ದರು. ಪಟ್ಟಿಗೆ ವಯಸ್ಸಾಗಿ ಹಸಿರು ಹಿಡಿದಿತ್ತು. ನಡುವೆ ಕೆಂಪು ಬಟ್ಟೆ ಸುತ್ತಿತ್ತು. ನೋಡಿದ ಕೂಡಲೇ ತಿಳಿಯಿತು. ತಾಮ್ರದ ತಾಯತ!

ಇಂಥ ಸಂದರ್ಭವನ್ನು ಖಾಸಗಿಯಾಗಿ ಮುಗಿಸುವುದು ನನ್ನ ಜಾಯಮಾನವಲ್ಲ. ಓಣಿಯವರನ್ನು ಕರೆದೆ. ಪಕ್ಕದ ಕಿರಾಣಿ ಅಂಗಡಿಯ ಮಾಣಿಕಪ್ಪ ಕಾಕಾ ತಕ್ಕಡಿ ಬಿಟ್ಟು ಬಂದರು.

"ಇರ್ಲಿ ಬಿಡೋ ತಮ್ಮಾ," ಅಂದರು ಕಾಕಾ. "ಅದೇನು ನಿನಗ ಊಟ ಕೇಳಾಕತ್ತದೇನು?"

"ಕಾಕಾ, ಲಿಂಬಿಕಾಯಿ ಗಾಡಿ ಓಡಿಸ್ತದಂದ್ರ ಪೆಟ್ರೋಲ್ ಯಾಕ ಬೇಕು? ಶರಬತ್ತು ಹಾಕ್ರಿ!"

ಜನ ನಕ್ಕರು. ನಕ್ಕ ಜನರ ಮುಂದೆ ನನಗೆ ಇನ್ನಷ್ಟು ಹುರುಪು. ಸರ ಕತ್ತರಿಸಿದೆ, ಲಾಳ ಕಿತ್ತೆ, ಕರಿದಾರ ಹರಿದೆ. ತಾಮ್ರದ ತಾಯತ ಮಾತ್ರ ಬರಲೊಲ್ಲದು. ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಗಾಡಿಯ ಮೈಗೆ ನಟ್ಟು ಹಾಕಿ ಬಿಗಿದಿದ್ದರು. ಪಾನಾ ತರಿಸಿ, ಬೆವರು ಸುರಿಸಿ ತಿರುವಿದೆ. ತಿರುವುತ್ತಲೇ ಸಭೆಗೆ ಹೇಳಿದೆ: "ನೋಡ್ರಿ, ಅಂಧಶ್ರದ್ಧೆಯ ಬೇರು ಎಷ್ಟು ಆಳ ಇರ್ತದ!"

ಬಿಚ್ಚಿದ ತಾಯತವನ್ನು ಎಸೆಯಲಿಲ್ಲ. ಕೋರ್ಟಿನ ಅಭ್ಯಾಸ, ಸಾಕ್ಷಿಗೆ ಇಟ್ಟ ಮುದ್ದೆಮಾಲಿನಂತೆ ಎರಡು ಸೀಟುಗಳ ನಡುವಿನ ಡಬ್ಬಿಯಲ್ಲಿ ಇಟ್ಟೆ. ಗಿರಿಜಾಳಿಗೆ ತೋರಿಸುವ ಆಸೆಯೂ ಇತ್ತು. ವಿಜ್ಞಾನದ ಟೀಚರ್ ಅಲ್ಲವೇ, ಮೆಚ್ಚುತ್ತಾಳೆ!

ಮರುದಿನ ಬೆಳಿಗ್ಗೆ ಎಡಕ್ಕೆ ತಿರುಗುವ ದೀಪ ಹಾಕಿದೆ, ವೈಪರ್ ಗಾಜು ಒರೆಸಿತು. ಒಣ ಗಾಜು, ಸುಡುವ ಬಿಸಿಲು. ದೊಡ್ಡ ದೀಪ ಹಾಕಿದರೆ ಕಿಟಕಿ ಅರ್ಧ ಇಳಿಯಿತು. ರೇಡಿಯೋ ಹಚ್ಚಿದರೆ ಹಾರ್ನ್ ಹೊಡೆಯಿತು. ಮಾಣಿಕಪ್ಪ ಕಾಕಾ ಅಂಗಡಿಯಿಂದಲೇ, "ತಮ್ಮಾ, ಗಾಡಿ ಯಾರನ್ನೋ ಕರ್ಯಾಕತ್ತದ ನೋಡೋ!" ಎಂದು ಕೂಗಿದರು.

ಅವ್ವ ಕಟ್ಟೆಯ ಮೇಲೆ ಜ್ವಾಳ ಹಸನ ಮಾಡುತ್ತ ಕೂತಿದ್ದಳು. "ನೀ ಬಿಚ್ಚಿದ ಮ್ಯಾಲೇ ಸುರು ಆತಲ್ಲೋ ಇದು."

"ಅವ್ವಾ, ಒಂದರ ಹಿಂದ ಇನ್ನೊಂದು ಆತಂದ್ರ, ಮೊದಲನೇದರಿಂದಲೇ ಎರಡನೇದು ಆತು ಅಂತ ಅಲ್ಲ. ಅದಕ್ಕ ತರ್ಕದೋಷ ಅಂತಾರ."

"ದೋಷ ಅಂತ ನಾನೂ ಅದನ್ನೇ ಹೇಳಾಕತ್ತೇನಿ."

ಎದುರಾಳಿಗೆ ತರ್ಕದ ಪರಿಭಾಷೆ ಗೊತ್ತಿಲ್ಲದಿದ್ದರೆ ಚರ್ಚೆ ಮುಂದುವರಿಸಬಾರದು. ಹಳೆ ಗಾಡಿ, ಹೊಸ ಊರು, ಹವಾ ಒಗ್ಗಬೇಕು ಎಂದು ತೀರ್ಮಾನಿಸಿದೆ. ಲಿಂಬಿಕಾಯಿಗೂ ಕರೆಂಟಿಗೂ ಸಂಬಂಧವಿಲ್ಲ ಎಂಬುದು ಮಾತ್ರ ಸೂರ್ಯನಷ್ಟು ಸ್ಪಷ್ಟವಾಗಿತ್ತು. ಹೀಗಾಗಿ ಬಾನೆಟ್ ಎತ್ತಿ ನೋಡುವ ಗೋಜಿಗೂ ಹೋಗಲಿಲ್ಲ.

ಭಾನುವಾರ ಬಂತು. ಅವ್ವ ಹೋಳಿಗೆಗೆ ಬೇಳೆ ಕುದಿಯಲು ಇಟ್ಟಳು. ನಾನು ಒಂದೂ ಗುಂಡಿ ಮುಟ್ಟದೆ, ಯಾರಿಗೂ ಹಾರ್ನ್ ಹೊಡೆಯದೆ, ಬಹಳ ಸಭ್ಯತೆಯಿಂದ ಹುಮನಾಬಾದ್ ಮುಟ್ಟಿದೆ.

ಶರಣಪ್ಪ ಸಾವಕಾರರು ಇಸ್ತ್ರಿಯ ಧೋತರ, ಬಿಳಿ ಟೋಪಿ ಹಾಕಿಕೊಂಡು ಸಿದ್ಧರಾಗಿದ್ದರು. ಜೊತೆಗೆ ಅವರ ಅಕ್ಕ ಕಾಶಮ್ಮ, ಕೈಯಲ್ಲಿ ಎಲೆಅಡಿಕೆಯ ಚಂಚಿ. ಅವರಿಬ್ಬರ ಹಿಂದೆ ಗಿರಿಜಾಳೂ ಚಪ್ಪಲಿ ಹಾಕಿಕೊಂಡು ಹೊರಬಿದ್ದಳು.

"ನೀ ಎಲ್ಲಿಗ?" ಅಂದರು ಕಾಶಮ್ಮ. "ಮನಿ ನೋಡಾಕ ಹುಡುಗಿ ಹೋಗೂ ಪದ್ಧತಿ ಇಲ್ಲ."

"ಅತ್ತಿ, ಆ ಮನ್ಯಾಗ ಬಾಳೇ ಮಾಡಾಕಿ ನಾನು. ನೋಡಿ ಬರವರು ನೀವು?"

ಸಾವಕಾರರು ಹಿಂದಿನ ಸೀಟಿನ ಕಡೆ ಬೆರಳು ತೋರಿಸಿದರು. ಗಿರಿಜಾ ಕೂತಳು. ನನಗೆ ಅರ್ಧ ಮದುವೆ ಮುಗಿದಷ್ಟು ಸಂತೋಷ!

ಎಲ್ಲ ಬಾಗಿಲು ಹಾಕಿದ ಮೇಲೆ ಆ ಇಂಗ್ಲಿಷ್ ದನಿ ಶುರುವಾಯಿತು. ಕಾಶಮ್ಮ ಬೆಚ್ಚಿಬಿದ್ದು ಸೀಟಿನ ಹಿಂದೆ ಬಗ್ಗಿ ನೋಡಿದರು.

"ಯಾರಾಕಿ? ಗಾಡ್ಯಾಗ ಹೆಣ್ಮಗಳು ಯಾರ್ ಅದಾಳ?"

"ಯಾರೂ ಇಲ್ರಿ ಅಮ್ಮಾರ. ಗಾಡಿ ಮಾತಾಡ್ತದ. ಬಾಗಿಲು ತೆರೆದದ, ಮುಚ್ರಿ ಅಂತಾಳ ಆಕಿ."

"ಮುಚ್ಚೇವಲ್ಲ! ಸುಳ್ಳಾಡ್ತಾಳ." ಕಾಶಮ್ಮ ನನ್ನನ್ನು ಒಂದು ತರಹ ನೋಡಿದರು. "ನೀವು ಆಕಿನ್ನ ‘ಆಕಿ’ ಅಂತೀರಿ. ಭಾಳ ದಿನದ ಪರಿಚಯ ಏನ್ರಿ?"

ಊರು ದಾಟಿದೆವು. ಎದುರಿಗೆ ಕಬ್ಬಿನ ಗಾಡಿ ಬಂತು. ಬ್ರೇಕ್ ಒತ್ತಿದೆ. ಸಾವಕಾರರು ಕೂತಿದ್ದ ಮುಂದಿನ ಸೀಟು ‘ಜುಂಯ್’ ಎಂದು ಒಂದು ಗೇಣು ಮುಂದೆ ಸರಿಯಿತು. ಅವರು ಟೋಪಿ ಸರಿಮಾಡಿಕೊಂಡರು. ಮುಂದೆ ಎಮ್ಮೆ ಅಡ್ಡ ಬಂತು. ಬ್ರೇಕ್. ‘ಜುಂಯ್.’ ಅವರು ಮೊಣಕಾಲು ಸರಿಮಾಡಿಕೊಂಡರು. ಆಮೇಲೆ ಒಂದು ಬಸ್ಸು ನಿಂತಿತು. ಬ್ರೇಕ್. ‘ಜುಂಯ್.’ ಈ ಸಲ ಸರಿಮಾಡಿಕೊಳ್ಳಲು ಜಾಗ ಉಳಿದಿರಲಿಲ್ಲ.

"ತಮ್ಮಾ," ಎಂದರು ಸಾವಕಾರರು. ಅವತ್ತಿನ ಅವರ ಮೊದಲ ಮಾತು. "ಈ ಕುರ್ಚಿ ಎಲ್ಲಿಗಿ ಹೊಂಟದ?"

ಹಿಂದಿನಿಂದ ಗಿರಿಜಾ, "ನಮಗಿಂತ ಮೊದಲ ಬಸವಕಲ್ಯಾಣ ಮುಟ್ಟೂ ವಿಚಾರ ಇರಬೇಕಪ್ಪಾ," ಅಂದಳು.

ಈಗ ನನ್ನೆದುರು ಘೋರ ನೈತಿಕ ಪ್ರಶ್ನೆ ನಿಂತಿತು. ಬ್ರೇಕ್ ಹಾಕಿದರೆ ಭಾವೀ ಮಾವನ ಮೊಣಕಾಲು ಹೋಗುತ್ತದೆ. ಹಾಕದಿದ್ದರೆ ಭಾವೀ ಮಾವನೇ ಹೋಗುತ್ತಾರೆ! ಬ್ರೇಕಿನ ಬದಲು ಹಾರ್ನ್ ಹೊಡೆಯುತ್ತ ಹೋಗುವುದೆಂದು ನಿಶ್ಚಯಿಸಿದೆ. ಹಾರ್ನ್ ಒತ್ತಿದೆ. ಶಬ್ದ ಬರಲಿಲ್ಲ. ತಲೆಯ ಮೇಲಿನ ಬೆಳಕಿಂಡಿ ತೆರೆಯಿತು. ಆ ಹೊತ್ತಿಗೆ ಸರಿಯಾಗಿ ಪಕ್ಕದಲ್ಲಿ ಕಬ್ಬಿನ ಲಾರಿಯೊಂದು ಹಾದುಹೋಯಿತು. ಅದರ ರವದಿ, ಕಬ್ಬಿನ ಒಣ ಎಲೆಯೆಲ್ಲ, ಒಳಗೆ ಸುರಿಯಿತು. ಕನ್ನಡಿಯಲ್ಲಿ ನೋಡಿದೆ. ಕಾಶಮ್ಮನವರ ತಲೆ ಗುಬ್ಬಿ ಗೂಡು ಕಟ್ಟಿದಂತಿತ್ತು.

"ಏನ್ರೀ ವಕೀಲ್ ಸಾಹೇಬ್ರ," ಅವರು ಬಾಯಿಯೊಳಗಿನ ರವದಿ ತೆಗೆಯುತ್ತ ಕೇಳಿದರು, "ಗಾಡೀಗಿ ಪೂಜಿ ಮಾಡ್ಸೀರೋ ಇಲ್ಲೋ?"

ಬುದ್ಧಿ ಇದ್ದವನು ‘ಹೌದ್ರಿ’ ಅಂದು ಸುಮ್ಮನಾಗುತ್ತಿದ್ದ. ನಾನು ಭಾಷಣ ಶುರು ಮಾಡಿದೆ. ಲಾಳ ಕಿತ್ತದ್ದು, ಲಿಂಬಿಕಾಯಿ ಕತ್ತರಿಸಿದ್ದು, ಓಣಿಯ ಜನ ನಕ್ಕದ್ದು, ಎಲ್ಲವನ್ನೂ ಆರೋಹಣ ಅವರೋಹಣ ಸಹಿತ ವರ್ಣಿಸಿದೆ. ಕೊನೆಗೆ ನಡುವಿನ ಡಬ್ಬಿಯಿಂದ ತಾಮ್ರದ ತಾಯತ ತೆಗೆದು, ತಿರುಗಿ ನೋಡದೆ, ಗೆದ್ದವನ ಗತ್ತಿನಲ್ಲಿ ಗಿರಿಜಾಳ ಕೈಗೆ ಕೊಟ್ಟೆ.

"ನೋಡ್ರಿ. ಇದನ್ನ ನಂಬಿ ಗಾಡಿ ಓಡಿಸಾಕತ್ತಿದ್ರು ಮಂದಿ!"

ಮಾತು ಮುಗಿಯುವುದಕ್ಕೂ ಎಂಜಿನ್ ಬಂದ್ ಆಗುವುದಕ್ಕೂ ಸರಿಹೋಯಿತು. ಗಾಡಿ ಉರುಳುತ್ತ ಹೋಗಿ ನಡುದಾರಿಯ ರಾಜೇಶ್ವರ ಊರಿನ ಬಸ್‌ಸ್ಟ್ಯಾಂಡಿನ ಎದುರು, ಚಹಾದ ಹೋಟೆಲಿನ ಮುಂದೆ ನಿಂತಿತು. ನಿಂತ ಕೂಡಲೇ ‘ಟಕ್, ಟಕ್, ಟಕ್, ಟಕ್.’ ನಾಲ್ಕೂ ಬಾಗಿಲು ತಾವಾಗಿಯೇ ಲಾಕ್ ಆದವು. ಹಿಡಿಕೆ ಎಳೆದೆ, ಗುಂಡಿ ಒತ್ತಿದೆ, ಭುಜ ಕೊಟ್ಟು ನೂಕಿದೆ. ಯಾವುದೂ ಕೆಲಸ ಮಾಡಲಿಲ್ಲ. ಕಳ್ಳರು ಒಳಗೆ ಬರಬಾರದೆಂದು ಕಂಪನಿಯವರು ಮಾಡಿದ ಏರ್ಪಾಡು ಬೀಗರು ಹೊರಗೆ ಹೋಗದಂತೆ ನೋಡಿಕೊಂಡಿತು. ಆ ಇಂಗ್ಲಿಷ್ ಹೆಂಗಸು ಮಾತ್ರ ಬಿಡದೆ, ‘ಬಾಗಿಲು ತೆರೆದಿದೆ, ದಯವಿಟ್ಟು ಮುಚ್ಚಿ’ ಎನ್ನುತ್ತಲೇ ಇದ್ದಳು.

ಭಾನುವಾರ ಬೇರೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಂದು ಗಾಜಿಗೆ ಮೂಗು ಒತ್ತಿ ನಿಂತರು. ಆ ಪ್ರೇಕ್ಷಕರ ಸಮ್ಮುಖದಲ್ಲಿ ಗಿರಿಜಾ ಹಿಂದಿನ ಸೀಟಿನಿಂದ ಪಾಟೀಸವಾಲು ಪ್ರಾರಂಭಿಸಿದಳು.

"ಇದು ತಾಯತ ಅಂತ ನಿಮಗ ಯಾರು ಹೇಳಿದ್ರು?"

"ಯಾರ್ ಹೇಳಬೇಕ್ರಿ? ನೋಡಿದ್ರ ತಿಳೀತದ. ತಾಮ್ರ, ಕೆಂಪು ಬಟ್ಟಿ, ಲಿಂಬಿಕಾಯಿ ಬ್ಯಾರೆ ಕಟ್ಟಿದ್ರು."

"ಎರಡೂ ತುದ್ಯಾಗ ಬೋಲ್ಟಿನ ತೂತು ಅದಾವ. ತಾಯತಕ್ಕ ನಟ್ ಬೋಲ್ಟ್ ಹಾಕ್ತಾರೇನ್ರಿ?"

"ಭಕ್ತಿ ಗಟ್ಟಿ ಇದ್ದವರು ಹಾಕಬಹುದು."

"ಒಂದು ತುದಿ ಎಲ್ಲಿತ್ತು?"

"ಎಂಜಿನ್ನಿಗಿ."

"ಇನ್ನೊಂದು?"

"ಗಾಡಿ ಮೈಗಿ."

ಅವಳು ಪಟ್ಟಿಯನ್ನು ಅಂಗೈಯಲ್ಲಿ ಒಮ್ಮೆ ತೂಗಿ ನೋಡಿದಳು. ಆ ಚರ್ಚಾಸ್ಪರ್ಧೆಯಲ್ಲಿಯೂ ಹೊಡೆಯುವ ಮುಂಚೆ ಕೈಯ ಚೀಟಿಯನ್ನು ಹೀಗೆಯೇ ತೂಗಿದ್ದಳು.

"ಇದು ಅರ್ಥಿಂಗ್ ಪಟ್ಟಿರಿ. ಕರೆಂಟು ಹೋಗಿ ವಾಪಸ್ ಬರೂ ದಾರಿ. ಬಟ್ಟಿ ಸುತ್ತಿದ್ದು ತಿಕ್ಕಾಡಿ ಸವೀಬಾರದಂತ. ಲಿಂಬಿಕಾಯಿ ಕಟ್ಟವರಿಗಿ ಕಟ್ಟಾಕ ಒಂದು ಆಸರಾ ಬೇಕಿತ್ತು, ಇದಕ್ಕ ಕಟ್ಯಾರ. ನೀವು ದಾರೀನೇ ಬಿಚ್ಚಿ ಡಬ್ಯಾಗ ಇಟ್ಟೀರಿ. ಪಾಪ, ಕರೆಂಟು ಮನಿ ಮುಟ್ಟಾಕ ಅಪ್ಪನ ಕುರ್ಚ್ಯಾಗ ಹಾಯ್ದು, ಬೆಳಕಿಂಡ್ಯಾಗ ಹಾಯ್ದು ದಾರಿ ಹುಡುಕಾಕತ್ತದ."

ನಾನು ಬಾಯಿ ತೆರೆದೆ.

"ಯಾರೂ ಹೇಳಿಲ್ಲ, ನೀವೂ ಪರೀಕ್ಷಾ ಮಾಡಿ ನೋಡಿಲ್ಲ," ಅಂದಳು ಗಿರಿಜಾ. "ಆದ್ರೂ ತಾಯತ ಅಂತ ನಂಬಿದ್ರಿ?"

ಬಾಯಿ ಮುಚ್ಚಿದೆ. ನನ್ನ ಚರ್ಚಾಜೀವನದಲ್ಲಿ ಸಮಯ ಮುಗಿದ ಮೇಲೂ ಮಾತು ಉಳಿದಿರುತ್ತಿತ್ತು. ಸಮಯ ಇದ್ದೂ ಮಾತು ಇಲ್ಲದ್ದು ಅದೇ ಮೊದಲು. ಸಾವಕಾರರು ಎದೆಗೆ ಮೊಣಕಾಲು ಒತ್ತಿಕೊಂಡ ಭಂಗಿಯಲ್ಲೇ ಕತ್ತು ಹೊರಳಿಸಿ ಮಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಮತ್ತೆ ಮುಂದೆ ನೋಡಿದರು. ಅವರಿಗೆ ನೋಡಲು ಇದ್ದದ್ದು ಡ್ಯಾಶ್‌ಬೋರ್ಡ್ ಮಾತ್ರ. ಅದೂ ಮೂಗಿನ ತುದಿಯಲ್ಲಿ.

ಹೊರಗೆ ಹೋಗಲು ಉಳಿದ ದಾರಿ ಒಂದೇ. ಬೆಳಕಿಂಡಿ!

ಸಾವಕಾರರೇ ಮೊದಲು ಹೋಗಲಿ ಎಂದಾಯಿತು. ಅವರ ಕಾಲುಗಳು ಜೋಮು ಹಿಡಿದಿದ್ದವು. ಕೆಳಗಿನಿಂದ ನಾನು ನೂಕಿದೆ, ಮೇಲಿನಿಂದ ಹೋಟೆಲಿನವರು ಕೈಕೊಟ್ಟರು. ಸೊಂಟದವರೆಗೆ ಹೊರಬಂದ ಮೇಲೆ ಧೋತರದ ಚುಂಗು ಎಲ್ಲೋ ಸಿಕ್ಕಿಕೊಂಡಿತು. ಅವರು ಅಲ್ಲಿಯೇ ನಿಂತರು. ಉದ್ದನೆಯ ಕರಿ ಕಾರು, ಅದರ ನೆತ್ತಿಯಿಂದ ಎದ್ದ ಬಿಳಿ ಟೋಪಿ, ಸುತ್ತ ಜನ! ಅದೇ ಗಳಿಗೆಗೆ ಹುಮನಾಬಾದಿನ ಕಡೆಯಿಂದ ಬಸ್ಸು ಬರಬೇಕೆ? ಬೇಳೆ ವ್ಯಾಪಾರದ ಪರಿಚಯದವರೊಬ್ಬರು ಕಿಟಕಿಯಿಂದ ತಲೆ ಹಾಕಿ ಕೂಗಿದರು:

"ನಮಸ್ಕಾರ್ರಿ ಸಾವಕಾರ್ರ! ಎಲೆಕ್ಷನ್ನಿಗಿ ನಿಂತೀರೇನು? ಯಾವ ಪಾರ್ಟಿರಿ?"

ಸಾವಕಾರರು ಗಂಭೀರವಾಗಿ ಎರಡೂ ಕೈ ಜೋಡಿಸಿದರು. ಬೇರೇನು ಮಾಡಲು ಸಾಧ್ಯವಿತ್ತು? ಬಸ್ಸಿನ ಜನವೆಲ್ಲ ಕೈ ಮುಗಿಯಿತು.

ಅವರು ಇಳಿದ ಮೇಲೆ, ಬಾನೆಟ್ಟಿನ ಹಿಡಿಕೆ ಎಳೆದಿಟ್ಟು ನಾನೂ ಹೊರಬಂದೆ. ಕಾಶಮ್ಮ, "ಸತ್ರೂ ಇಲ್ಲೇ ಸಾಯ್ತೇನಿ, ಮಾಳಗಿ ಹತ್ತಂಗಿಲ್ಲ" ಎಂದು ಚಂಚಿ ಅಪ್ಪಿಕೊಂಡು ಕೂತರು. ಹೋಟೆಲಿನವರಿಂದ ಪಾನಾ ಇಸಕೊಂಡು, ಗಿರಿಜಾ ಬೆಳಕಿಂಡಿಯಿಂದ ದಾಟಿಸಿದ ಪಟ್ಟಿಯನ್ನು ಎಲ್ಲಿಂದ ಬಿಚ್ಚಿದ್ದೆನೋ ಅಲ್ಲಿಗೇ ಬಿಗಿದೆ. ಕೊನೆಯ ಸುತ್ತು ತಿರುವುತ್ತಿದ್ದಂತೆ ‘ಟಕ್, ಟಕ್, ಟಕ್, ಟಕ್!’ ನಾಲ್ಕೂ ಬಾಗಿಲು ತೆರೆದವು. ಕೀಲಿ ತಿರುವಿದರೆ ಎಂಜಿನ್ ಬೆಣ್ಣೆಯಂತೆ ಶುರುವಾಯಿತು. ಜನ ಹೋ ಎಂದರು.

"ನೋಡಿದ್ರಿಲ್ಲೋ!" ಕಾಶಮ್ಮ ಕೆಳಗಿಳಿದು ಜನರಿಗೆ ಸಾರಿದರು. "ತಾಯತ ಬಿಚ್ಚಿದ್ದ, ಗಾಡಿ ನಿಂತಿತ್ತು. ತಾಯತ ಕಟ್ಟಿದ, ಗಾಡಿ ಹೊಂಟಿತು!"

"ಅದು ತಾಯತ ಅಲ್ರಿ ಅಮ್ಮಾರ, ಅರ್ಥಿಂಗ್!" ನಾನು ಬಾನೆಟ್ ಪಕ್ಕ ನಿಂತು ವಿದ್ಯುತ್ತಿನ ಸಂಚಾರದ ಬಗ್ಗೆ ಸರಳ ಭಾಷೆಯಲ್ಲಿ ವಿವರಿಸಿದೆ. ಜನ ಶಾಂತವಾಗಿ ಕೇಳಿದರು. ಕೊನೆಗೆ ಹೋಟೆಲಿನ ಮಾಲಕ ಕೇಳಿದ:

"ಬಿಚ್ಚಿದ್ದಕ್ಕ ನಿಂತಿತ್ತೋ ಇಲ್ಲೋ?"

"ನಿಂತಿತ್ತು."

"ಕಟ್ಟಿದ್ದಕ್ಕ ಸುರು ಆತೋ ಇಲ್ಲೋ?"

"ಆತು. ಆದ್ರ..."

"ಮತ್ತ ಅಮ್ಮಾರೂ ಅದೇ ಹೇಳಾಕತ್ತಾರಲ್ರಿ. ನೀವು ಯಾಕ ಬಾಯಿ ಮಾಡ್ತೀರಿ?"

ಇಡೀ ಬಸ್‌ಸ್ಟ್ಯಾಂಡು ಕಾಶಮ್ಮನವರ ಪರ ತೀರ್ಪು ಕೊಟ್ಟಿತು. ಅವರು ಚಂಚಿಯಿಂದ ಕುಂಕುಮ ತೆಗೆದು ಅರ್ಥಿಂಗ್ ಪಟ್ಟಿಗೆ ಹಚ್ಚಿ ನಮಸ್ಕಾರ ಮಾಡಿದರು. ಇನ್ನಿಬ್ಬರು ಹೆಣ್ಣುಮಕ್ಕಳು ಬಂದು ಅವರೂ ಹಚ್ಚಿದರು.

ಸಾವಕಾರರು ಹೋಟೆಲಿನ ಬೆಂಚಿನ ಮೇಲೆ ಕಾಲು ನೀಡಿ ಕೂತು ಚಹಾ ಮುಗಿಸಿದರು. ಎದ್ದು ಟೋಪಿ ಝಾಡಿಸಿದರು. ನಾನು ಓಡಿಹೋಗಿ ಮುಂದಿನ ಬಾಗಿಲು ತೆರೆದು ಹಿಡಿದೆ.

"ಬರ್ರಿ ಸಾವಕಾರ್ರ. ಮನ್ಯಾಗ ಅವ್ವ ದಾರಿ ನೋಡಾಕತ್ತಾಳ."

ಅವರು ಆ ಸೀಟನ್ನು ಒಂದು ಕ್ಷಣ ದಿಟ್ಟಿಸಿದರು. "ಬ್ಯಾಡ ತಮ್ಮಾ. ಮನಿ ನೋಡೂ ಜರೂರತ್ ಇಲ್ಲ ಈಗ. ನೋಡೂದು ನೋಡೇವಿ."

ಹುಮನಾಬಾದಿಗೆ ಹೋಗುವ ಬಸ್ಸು ಬಂತು. ಮೂವರೂ ಹತ್ತಿದರು. ಗಿರಿಜಾ ಮೆಟ್ಟಿಲ ಮೇಲಿಂದ ತಿರುಗಿ ನೋಡಿದಳು. ಏನಾದರೂ ಸಮಾಧಾನದ ಮಾತು ಹೇಳುತ್ತಾಳೆಂದು ಬಸ್ಸಿನ ಬಾಗಿಲಿಗೆ ಓಡಿದೆ.

"ಇನ್ನೊಂದು ಸುತ್ತು ಬಿಗಿ ಮಾಡ್ರಿ," ಅಂದಳು. "ಸಡ್ಲ ಅದ."

ನಾನೊಬ್ಬನೇ ಬಸವಕಲ್ಯಾಣಕ್ಕೆ ಬಂದೆ. ಇಡೀ ದಾರಿ ಗಾಡಿ ನೀರಿನ ಮೇಲೆ ತೇಲಿದಂತೆ ಓಡಿತು. ಹಾರ್ನ್ ಒತ್ತಿದರೆ ಹಾರ್ನ್, ಬ್ರೇಕ್ ಒತ್ತಿದರೆ ಬ್ರೇಕ್. ಇಷ್ಟು ಕೋಪ ನನಗೆ ಯಾವ ಕೆಟ್ಟ ಗಾಡಿಯ ಮೇಲೂ ಬಂದಿರಲಿಲ್ಲ!

ಅವ್ವ ಬಾಗಿಲಲ್ಲಿ ನಿಂತಿದ್ದಳು. ಹೋಳಿಗೆಯ ವಾಸನೆ ಓಣಿಯ ತುಂಬ ಹಬ್ಬಿತ್ತು. "ಬೀಗರು ಎಲ್ಲೋ?"

"ರಾಜೇಶ್ವರದ ತನಕ ಬಂದಿದ್ರವ್ವಾ."

ಆ ವಾರವೆಲ್ಲ ಊಟಕ್ಕೂ ತಿಂಡಿಗೂ ನಾನು ಹೋಳಿಗೆಯನ್ನೇ ತಿಂದೆ. ಫೋನ್ ರಿಂಗಾದಾಗಲೆಲ್ಲ ಎದ್ದು ಓಡುತ್ತಿದ್ದೆ, ಎಲ್ಲವೂ ಕಕ್ಷಿದಾರರದು. ಡಬ್ಬಿಗಟ್ಟಲೆ ವಾದ ಗೆದ್ದವನು ಒಂದು ‘ಹೂಂ’ ಕಳೆದುಕೊಂಡೆನಲ್ಲ ಎಂದು ಕೋರ್ಟಿನಲ್ಲಿಯೂ ಮಂಕಾಗಿ ಕೂತಿರುತ್ತಿದ್ದೆ. ಎರಡು ಸಲ ಎದುರು ಪಕ್ಷದ ವಕೀಲರ ಮಾತಿಗೆ ‘ಖರೇ ಅದ’ ಎಂದು ತಲೆ ಆಡಿಸಿದೆನಂತೆ.

ಕೊನೆಗೊಂದು ಸಂಜೆ ಫೋನಿನಲ್ಲಿ ಗಿರಿಜಾಳ ದನಿ. "ಅಪ್ಪ ಹೂಂ ಅಂದಾರ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ನಂಬಿದ ಮರುಗಳಿಗೆ ಹಳೆಯ ಆತ್ಮವಿಶ್ವಾಸ ನೆಟ್ಟಗೆ ಎದ್ದು ನಿಂತಿತು. ರಾಜೇಶ್ವರದಲ್ಲಿ ನಾನು ಅರ್ಥಿಂಗ್ ಬಗ್ಗೆ ಮಾಡಿದ ಭಾಷಣ ಸುಮ್ಮನೆ ಹೋಗಿಲ್ಲ!

"ನನ್ನ ಯಾವ ಮಾತು ಹಿಡಿಸ್ತಂತ್ರಿ ಅವರಿಗಿ?"

"ಮಾತಲ್ಲ. ನೀವು ಬಾಯಿ ಮುಚ್ಚಿದ್ದು ಹಿಡಿಸ್ತಂತ."

"ಅಂದ್ರ?"

"ಅಪ್ಪಗ ಒಂದೇ ಫಿಕರ್ ಇತ್ತಂತ. ಹುಡುಗ ಚರ್ಚಾದಾಗ ಹೆಸರು ಮಾಡ್ಯಾನ, ವಕೀಲ ಬ್ಯಾರೆ. ನಮ್ಮ ಹುಡುಗೀಗಿ ಜೀವನಪೂರ್ತಿ ಮಾತಾಡಾಕ ಬಿಡ್ತಾನೋ ಇಲ್ಲೋ ಅಂತ. ಗಾಡ್ಯಾಗ ಮೊಣಕಾಲು ಅವಚಿಕೊಂಡು ಎಲ್ಲಾ ಕೇಳ್ಯಾರ. ‘ಈ ಹುಡುಗ ಆಕಿ ಮುಂದ ಒಂದು ದಿನಾನೂ ಗೆಲ್ಲಂಗಿಲ್ಲ, ಬೇಫಿಕರ್ ಕೊಡಬಹುದು’ ಅಂದ್ರು."

ಫೋನ್ ಇಟ್ಟೆ. ಅವ್ವ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಹೊರಬಂದಳು.

"ಏನಂದ್ರು?"

"ಒಪ್ಯಾರವ್ವಾ."

"ಏನು ನೋಡಿ ಒಪ್ಪಿದ್ರಪಾ?"

ನಾನು ಎದೆ ಸೆಟೆಸಿದೆ. "ನನ್ನ ವಾದ ಕೇಳಿ."

ಅವ್ವ ನನ್ನನ್ನು ಕಾಲಿನಿಂದ ತಲೆಯವರೆಗೆ ಒಂದು ಸಲ ನೋಡಿದಳು. ಕೈಯ ಹಿಟ್ಟು ಉದುರಿಸಿದಳು.

"ಗಿರಿಜಾನ್ನೇ ಕೇಳ್ತೇನಿ, ನಂಬರ್ ಹಚ್ಚಿ ಕೊಡು."